ಮನ್ನೂಬಿಯಾ ಮಣ್ಣು ಕೊಟ್ಟ ಮನೆ

ಬೆಳಗಿನ ಬಾಂಗು ಮುಗಿದಿದೆ, ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಕೆಲಿಬಿಯಾದಿಂದ ಬಂದ ಪಿಕಪ್ ವ್ಯಾನು ಕೆರ್ಕುವಾನ್ ಎಂಬ ಹಾಳೂರಿನ ತಿರುವಿನಲ್ಲಿ ಇಬ್ಬರು ಹೆಂಗಸರನ್ನು ಇಳಿಸಿ, ಉಳಿದವರನ್ನೆಲ್ಲ ಮೆಣಸಿನಕಾಯಿ ಹೊಲಗಳಿಗೆ ಹೊತ್ತುಕೊಂಡು ಹೋಗುತ್ತದೆ. ಇಳಿದವರಲ್ಲಿ ಹಿರಿಯರು ಮನ್ನೂಬಿಯಾ. ವಯಸ್ಸು ಅರವತ್ತರ ಹತ್ತಿರ. ತಲೆಗೆ ಕಟ್ಟಿದ ಬಟ್ಟೆಯನ್ನು ಬಿಗಿ ಮಾಡಿಕೊಂಡು, ಪೊರಕೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಸಮುದ್ರದ ಕಡೆ ನಡೆಯುತ್ತಾರೆ. ಹಿಂದೆ ಬರುವವಳು ಹಸ್ನಾ, ಜೊತೆಗೆಲಸದವಳು. ಅವಳ ಕೈಯಲ್ಲಿ ರೊಟ್ಟಿ, ಆಲಿವ್ ಎಣ್ಣೆ, ಚಹಾದ ಫ್ಲಾಸ್ಕು.

ಮೊಣಕಾಲೆತ್ತರದ ಗೋಡೆಗಳ ನಡುವಿನ ಬೀದಿ ದಾಟಿ, ಬಂಡೆಯಂಚಿನ ಕಟ್ಟಕಡೆಯ ಮನೆಯ ಹೊಸ್ತಿಲಲ್ಲಿ ಮನ್ನೂಬಿಯಾ ನಿಲ್ಲುತ್ತಾರೆ. ಚಪ್ಪಲಿ ಬಿಡುತ್ತಾರೆ. "ಬಿಸ್ಮಿಲ್ಲಾ" ಅನ್ನುತ್ತಾರೆ. ಆಮೇಲೆ ಒಳಗೆ ಯಾರೋ ಇದ್ದಾರೆ ಎಂಬಂತೆ, "ಬಂದೆ ಕಣವ್ವ, ನಾನೇ" ಅನ್ನುತ್ತಾರೆ. ಆ ಮನೆ ಖಾಲಿಯಾಗಿ ಎರಡು ಸಾವಿರ ವರ್ಷದ ಮೇಲಾಯಿತು. ಇನ್ನೆರಡು ದಿನದಲ್ಲಿ ಅದನ್ನು ಮಣ್ಣಿನಲ್ಲಿ ಮುಚ್ಚುತ್ತಾರೆ. ಮುಚ್ಚುವುದಾದರೆ ತಾನೇ ಮುಚ್ಚಬೇಕು ಎನ್ನುವುದು ಮನ್ನೂಬಿಯಾ ಅವರ ಹಟ. ಅದಕ್ಕೆ ಅಪ್ಪಣೆ ಇನ್ನೂ ಸಿಕ್ಕಿಲ್ಲ.

ಗುಲಾಬಿ ಬಣ್ಣದ ಗಾರೆ ನೆಲ, ಅದರಲ್ಲಿ ಚೆಲ್ಲಿದಂತೆ ಬಿಳಿ ಕಲ್ಲಿನ ಚೂರುಗಳು. ರಾತ್ರಿಯ ಗಾಳಿ ತಂದು ಹಾಕಿದ ಉಪ್ಪುಮರಳನ್ನು ಅವರು ಮೂಲೆಯಿಂದ ಗುಡಿಸುತ್ತ ಬರುತ್ತಾರೆ. ಪೊರಕೆ ಅವರೇ ಕಟ್ಟಿದ್ದು. ಅಂಗಡಿಯ ಗಟ್ಟಿ ಪೊರಕೆ ನೆಲದ ಮೈ ಕೆರೆಯುತ್ತದಂತೆ. ನಡುವೆ ಬಗ್ಗಿ, ಗಾರೆಯ ಬಿರುಕಿನಲ್ಲಿ ಹುಟ್ಟಿದ ಹುಲ್ಲನ್ನು ಚಾಕುವಿನ ಮೊನೆಯಿಂದ ಬೇರುಸಹಿತ ಎಬ್ಬಿಸುತ್ತಾರೆ.

"ನಾಡಿದ್ದು ಮುಚ್ಚೋ ಮನೇನ ಇವತ್ತು ಯಾಕ್ ಗುಡಿಸ್ತಿದೀರಿ?" ಎಂದು ಅವರ ಬಗ್ಗೆ ಬರೆಯಲೆಂದು ಬಂದಿದ್ದ ನಾನು ಕೇಳಿದೆ.

"ಹೆಣ ತೊಳೀದೆ ಕಳಿಸ್ತಾರೇನೆ?" ಎಂದರು, ತಲೆ ಎತ್ತಲಿಲ್ಲ.

ಹಸ್ನಾ ಫ್ಲಾಸ್ಕನ್ನು ಗೋಡೆಯ ಬದಿಗಿಟ್ಟಳು.

ಕೆಲಿಬಿಯಾದ ನಾವು ಭಾನುವಾರಕ್ಕೊಮ್ಮೆ ಊಟದ ಡಬ್ಬಿ ಹಿಡಿದು ಇಲ್ಲಿಗೆ ಬಂದವರೇ. ಮಕ್ಕಳನ್ನು ಗೋಡೆ ಹತ್ತಿಸಿ ಫೋಟೋ ತೆಗೆಸಿ, ಕಲ್ಲಂಗಡಿ ಸಿಪ್ಪೆಯನ್ನು ಬೀದಿಯಲ್ಲೇ ಬಿಟ್ಟು ಹೋದವರೇ. ಆ ಸಿಪ್ಪೆ ಎತ್ತಿದ್ದು ಯಾರು ಎಂದು ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮನ್ನೂಬಿಯಾ ಈ ಊರು ಗುಡಿಸಲು ಶುರುಮಾಡಿ ಮೂವತ್ತು ವರ್ಷವಾಗುತ್ತ ಬಂತು. ಅವರ ಹೆಸರು ನನಗೆ ಗೊತ್ತಾದದ್ದು ಹೋದ ಚಳಿಗಾಲದಲ್ಲಿ. ನಾಚಿಕೆಯಾಗಬೇಕು ನಮಗೆ.

ಶಾಲೆಯಲ್ಲಿ ನಮಗೆಲ್ಲ ಕಾರ್ಥೇಜಿನ ಕಥೆ ಬಾಯಿಪಾಠ. ಮೂಡಣದ ತೂರ್ ಪಟ್ಟಣದಿಂದ ಫಿನೀಷಿಯನ್ನರ ರಾಣಿ ಎಲಿಸ್ಸಾ ಹಡಗೇರಿ ಬಂದಳು, ಎತ್ತಿನ ಚರ್ಮದಷ್ಟು ಜಾಗ ಸಾಕೆಂದಳು, ಚರ್ಮವನ್ನು ಸಣ್ಣಗೆ ಸೀಳಿ ಗುಡ್ಡವನ್ನೇ ಸುತ್ತುಹಾಕಿದಳು. ಕೆರ್ಕುವಾನಿಗೆ ಅಂಥ ರಾಣಿಯಿಲ್ಲ, ಕಥೆಯೂ ಇಲ್ಲ. ಅದೇ ಜನ, ಅದೇ ಸಮುದ್ರ, ಅದೇ ತಾನಿತ್ ದೇವಿ. ಆದರೆ ಇದು ಸಣ್ಣ ಊರು. ಮೀನಿಗೆ ಉಪ್ಪು ಹಾಕುವವರು, ಕುಂಬಾರರು, ಸಮುದ್ರದ ಶಂಖದಹುಳು ಜಜ್ಜಿ ನೇರಳೆ ಬಣ್ಣ ತೆಗೆಯುವವರು, ಆ ಬಣ್ಣವನ್ನೂ ಎಣ್ಣೆಯನ್ನೂ ಹಡಗಿಗೆ ತುಂಬುವ ವ್ಯಾಪಾರಿಗಳು ಇಲ್ಲಿದ್ದರು. ರಾಜರ ನೇರಳೆ ವಸ್ತ್ರಕ್ಕೆ ಬಣ್ಣ ಹೋದದ್ದು ಇಂಥ ಊರುಗಳಿಂದ. ಶಂಖದ ಚಿಪ್ಪುಗಳ ರಾಶಿ ಇವತ್ತಿಗೂ ಇಲ್ಲಿದೆ, ಬಣ್ಣ ಉಟ್ಟವರ ಅರಮನೆ ಎಲ್ಲಿದೆಯೋ ನಾನು ಕಾಣೆ.

ರೋಮಿನವರ ಜೊತೆ ಮೊದಲ ಯುದ್ಧ ನಡೆದಾಗ ಇಲ್ಲಿಯವರು ಊರು ಬಿಟ್ಟರು. ತಿರುಗಿ ಬರಲಿಲ್ಲ. ಕಾರ್ಥೇಜನ್ನು ಸುಟ್ಟ ರೋಮಿನವರು ಅದೇ ಜಾಗದಲ್ಲಿ ತಮ್ಮ ಊರು ಕಟ್ಟಿಕೊಂಡರು, ಇಲ್ಲಿ ಮಾತ್ರ ಯಾರೂ ಏನನ್ನೂ ಕಟ್ಟಲಿಲ್ಲ. ಹಾಗಾಗಿ ಬೀದಿ, ಬಾವಿ, ಅಂಗಳ, ಬಾಗಿಲ ಪಕ್ಕದ ಸ್ನಾನದ ತೊಟ್ಟಿ ಎಲ್ಲ ಬಿಟ್ಟುಹೋದಂತೆಯೇ ಉಳಿದವು. ಮರಳು ಮುಚ್ಚಿಕೊಂಡಿತು. ನಮ್ಮ ಅಜ್ಜಂದಿರ ಕಾಲದಲ್ಲಷ್ಟೇ ಅದನ್ನು ತೆಗೆದದ್ದು. ಕೆರ್ಕುವಾನ್ ಎನ್ನುವುದು ನಾವು ಕರೆಯುವ ಹೆಸರು. ಅಲ್ಲಿದ್ದವರು ತಮ್ಮ ಊರನ್ನು ಏನೆಂದು ಕರೆಯುತ್ತಿದ್ದರೋ ಯಾರಿಗೂ ತಿಳಿಯದು.

ಮನ್ನೂಬಿಯಾ ಹುಟ್ಟಿದ್ದು ಹವಾರಿಯಾದಲ್ಲಿ, ಗಿಡುಗ ಪಳಗಿಸುವವರ ಮನೆಯಲ್ಲಿ. ಮದುವೆಯಾಗಿ ಬಂದದ್ದು ಕೆಲಿಬಿಯಾದ ಬೆಸ್ತರ ಕೇರಿಗೆ. ಗಂಡ ಎದೆನೋವಿನಿಂದ ತೀರಿಕೊಂಡಾಗ ಇಬ್ಬರು ಹೆಣ್ಣುಮಕ್ಕಳು ಇನ್ನೂ ಚಿಕ್ಕವರು. ಬೇರೆ ಹೆಂಗಸರ ಹಾಗೆ ಇವರೂ ಪಿಕಪ್ ಹತ್ತಿ ಮೆಣಸಿನಕಾಯಿ ಬಿಡಿಸಲು ಹೋದರು. ಕೈ ಉರಿ ರಾತ್ರಿಯೆಲ್ಲ ಇರುತ್ತಿತ್ತು, ಮಗುವಿನ ಮುಖ ಮುಟ್ಟುವ ಹಾಗಿರಲಿಲ್ಲ. ಅಂಥದ್ದರಲ್ಲಿ ಹಳೇ ಊರಿನಲ್ಲಿ ಕಳೆ ಕೀಳಲು ಆಳು ಬೇಕು ಎಂಬ ಸುದ್ದಿ ಬಂತು.

"ಮೊದಲ್ನೇ ದಿನ ಒಳಗೆ ಕಾಲಿಡೋಕೇ ಭಯ. ಸತ್ತೋರ ಊರು ಅಂತ. ಈ ತೊಟ್ಟಿ ನೋಡ್ದೆ ನೋಡು, ಭಯ ಹೋಯ್ತು" ಎನ್ನುತ್ತಾರೆ.

ತೊಟ್ಟಿ ಮನೆಯ ಬಾಗಿಲ ಬಲಕ್ಕಿದೆ. ಕೆಂಪು ಗಾರೆಯದು. ಒಬ್ಬರು ಕೂರುವಷ್ಟು ಜಾಗ, ಕೂರಲು ಮೆಟ್ಟಿಲು, ಎರಡೂ ಕಡೆ ಮೊಣಕೈ ಊರಲು ದಿಂಡು. ಮನ್ನೂಬಿಯಾ ಅದರೊಳಗೆ ಕೈಯಾಡಿಸಿ, ಒಂದು ತರಗೆಲೆ ಹೆಕ್ಕಿ ಹೊರಗೆ ಹಾಕುತ್ತಾರೆ.

"ಇಲ್ಲಿ ಕೂತು ಅವ್ಳು ಮಕ್ಳಿಗೆ ಸ್ನಾನ ಮಾಡಿಸ್ತಿದ್ಲು. ಮಕ್ಳು ಅಂದ್ಮೇಲೆ ಕಣ್ಣಿಗ್ ನೀರು ಹೋಯ್ತು ಅಂತ ಕೂಗಾಡ್ದೆ ಇರ್ತಾವಾ? ಅವ್ಳೂ ನನ್ ಥರಾನೇ ಎರಡೇಟು ಹಾಕಿರ್ತಾಳೆ. ಸತ್ತೋರ ಊರೆಲ್ಲಿ ಬಂತು? ಸಂಸಾರಸ್ಥರ ಊರು."

'ಅವಳು' ಎಂದರೆ ಮನೆಯೊಡತಿ. ಮನ್ನೂಬಿಯಾ ಬಾಯಲ್ಲಿ ದಿನವೂ ಅವಳ ಮಾತು ಬರುತ್ತದೆ. ಅವಳ ಬಾವಿ, ಅವಳ ಒಲೆ, ಅವಳು ಹಡಗು ಕಾಯುತ್ತ ನಿಂತಿರಬಹುದಾದ ಮೂಲೆ. ಮನ್ನೂಬಿಯಾ ಅವಳಿಗೊಂದು ಹೆಸರಿಟ್ಟಿಲ್ಲ. "ಅವ್ಳಿಗೆ ಅವಳ್ದೇ ಹೆಸ್ರಿರುತ್ತೆ, ನಾನ್ಯಾಕ್ ಇಡ್ಲಿ?" ಎನ್ನುತ್ತಾರೆ.

ಹಸ್ನಾಗೆ ಚಹಾ ಹೊತ್ತಿನಲ್ಲಿ ಹೇಳಲು ಒಂದೇ ಕಥೆ. ನನ್ನನ್ನು ಕಂಡದ್ದೇ ತಡ, ಶುರುಮಾಡಿದಳು.

"ಸುಣ್ಣದ್ ವಿಷ್ಯ ಹೇಳಿದ್ರಾ ನಿಮ್ಗೆ?"

"ಹೇಳೇ, ಹೇಳು. ಹೇಳ್ದಿದ್ರೆ ನಿನ್ ರೊಟ್ಟಿ ಅರಗಲ್ಲ" ಎಂದರು ಮನ್ನೂಬಿಯಾ.

ಮನ್ನೂಬಿಯಾ ಕೆಲಸಕ್ಕೆ ಸೇರಿದ ಮೊದಲ ವರ್ಷ. ಈದ್ ಹಬ್ಬ ಹತ್ತಿರ ಬಂದಿತ್ತು. ನಮ್ಮ ಕಡೆ ಹಬ್ಬಕ್ಕೆ ಮುಂಚೆ ಸುಣ್ಣ ಕಾಣದ ಗೋಡೆ ಇರುವುದಿಲ್ಲ. ಮನೆ, ಹಿತ್ತಿಲ ಗೋಡೆ, ಕೊನೆಗೆ ಮರದ ಬುಡಕ್ಕೂ ಬಳಿಯುತ್ತೇವೆ. ಸುಣ್ಣ ಬಳಿಯದ ಮನೆ ಎಂದರೆ ಸಾವಿನ ಮನೆ ಎಂದೇ ಲೆಕ್ಕ. ಮನ್ನೂಬಿಯಾ ತಮ್ಮ ಮನೆಗೆ ಬಳಿದರು, ಬಕೆಟ್ಟಿನಲ್ಲಿ ಒಂದಿಷ್ಟು ಉಳಿಯಿತು. ಮಾರನೆಯ ದಿನ ಅದನ್ನು ಪಿಕಪ್ಪಿನಲ್ಲಿ ಹೊತ್ತು ತಂದರು. ಸಂಜೆಯ ಹೊತ್ತಿಗೆ ಎರಡು ಸಾವಿರ ವರ್ಷದ ಹಳೆಯ ಗೋಡೆ, ಹೊಸ್ತಿಲ ಎರಡೂ ಬದಿ, ತೊಟ್ಟಿಯ ಹೊರಮೈ ಬೆಳ್ಳಗೆ ಹೊಳೆಯುತ್ತಿತ್ತು.

"ಆಗಿನ ಸಾಹೇಬ್ರು ಬಂದು ನೋಡಿ ಅಲ್ಲೇ ಕುಸಿದ್ ಕೂತ್ಬಿಟ್ರು!" ಹಸ್ನಾ ತೊಡೆ ತಟ್ಟಿಕೊಂಡು ನಕ್ಕಳು. "ಈ ಯಮ್ಮ ಏನಂದ್ರು ಗೊತ್ತಾ? 'ಬೇಡ ಸಾಹೇಬ್ರೆ, ಕಾಸು ಬೇಡ, ಹಬ್ಬ ಅಂತ ಮಾಡಿದ್ದು' ಅಂದ್ರಂತೆ!"

ಮನ್ನೂಬಿಯಾ ನಗಲಿಲ್ಲ. "ನಗು, ನಗು. ಆ ಬೇಸಿಗೆ ಪೂರ್ತಿ ಮೊಣಕಾಲೂರಿ ಕೂತು ಬಟ್ಟೆ ಒದ್ದೆ ಮಾಡಿ ಮಾಡಿ ತೆಗೆದಿದ್ದು ನಾನು. ಒಂದೊಂದು ಬೆರಳಗಲ. ಸುಣ್ಣದ್ ಜೊತೆ ಹಳೇ ಗಾರೆ ಚೂರು ಬಂದಾಗೆಲ್ಲ ಕರುಳು ಕಿತ್ತು ಬಂದಂಗಾಗೋದು. ಹಬ್ಬದ್ ದಿವ್ಸ ಅವ್ಳ ಮನೆಯೊಂದು ಬೋಳಾಗಿರುತ್ತಲ್ಲ ಅಂತ ಮನಸ್ಸಿಗ್ ಬಂತು, ಬಳಿದ್ಬಿಟ್ಟೆ. ತಪ್ಪು ತಪ್ಪೇ."

ಎಲ್ಲವನ್ನೂ ತೆಗೆಯಲಾಗಲಿಲ್ಲ. ತೊಟ್ಟಿಯ ಹಿಂದಿನ ಮೂಲೆಯಲ್ಲಿ ಅಂಗೈಯಗಲ ಬಿಳುಪು ಹಾಗೇ ಉಳಿದಿದೆ. ಇನ್ನೂ ಉಜ್ಜಿದರೆ ಗೋಡೆಯೇ ಬರುತ್ತದೆಂದು ಅಂದಿನ ಅಧಿಕಾರಿ ಕೈ ಹಿಡಿದು ನಿಲ್ಲಿಸಿದರಂತೆ.

ಅಂದಿನಿಂದ ಪ್ರತಿ ವರ್ಷ ಚಳಿಗಾಲದ ಮಳೆ ಬರುವ ಮುಂಚೆ ಈ ನೆಲದ ಮೇಲೆ ತೆಳ್ಳಗೆ ಮರಳು ಹೊದೆಸುವುದು, ವಸಂತದಲ್ಲಿ ಗುಡಿಸಿ ತೆಗೆಯುವುದು ಮನ್ನೂಬಿಯಾ ಕೆಲಸ. ಮಳೆ, ಉಪ್ಪು, ಚಳಿಗಾಲದ ಗಾಳಿಯಿಂದ ನೆಲವನ್ನು ಕಾಯುವ ಉಪಾಯ ಅದೊಂದೇ. "ಮಗೂಗೆ ಹೊದಿಸಿ ಮಲಗಿಸ್ದಂಗೆ" ಎನ್ನುತ್ತಾರೆ. ಮಾರ್ಚಿನಲ್ಲಿ ಮರಳು ಸರಿಸಿದಾಗ ಮೊದಲ ಗುಲಾಬಿ ಚೂರು ಕಾಣುತ್ತಲೂ ಅವರು ಒಂದು ಗಳಿಗೆ ಕೈ ನಿಲ್ಲಿಸುತ್ತಾರಂತೆ. ಇದನ್ನು ಹೇಳಿದ್ದು ಹಸ್ನಾ, ನಗದೆ.

ಹೋದ ಚಳಿಗಾಲದ ಬಿರುಗಾಳಿಯಲ್ಲಿ ಸಮುದ್ರ ಬಂಡೆಯನ್ನು ಕಿತ್ತುಕೊಂಡಿತು. ಬಂಡೆಯ ಜೊತೆ ಮನೆಯ ಮೂಡಣ ಕೋಣೆಯ ಅರ್ಧ ನೆಲ ಹೋಯಿತು. ಬೆಳಗ್ಗೆ ಮನ್ನೂಬಿಯಾ ಬಂದು ನೋಡಿದಾಗ ಗುಲಾಬಿ ಗಾರೆಯ ತುಂಡುಗಳು ಕೆಳಗೆ ಅಲೆಯಲ್ಲಿ ಹೊರಳುತ್ತಿದ್ದವು. ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದು ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ತಂದರು. ಅದರಿಂದ ಜ್ವರ ಬಂದು ಅವರು ಕೆಲಿಬಿಯಾ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ನಾನು ಅವರನ್ನು ಮೊದಲು ಕಂಡದ್ದು. ಪಕ್ಕದ ಹಾಸಿಗೆಯಲ್ಲಿ ನನ್ನ ಅತ್ತೆ ಇದ್ದರು. "ಇದ್ಯಾವ ಮನೆ ಬಗ್ಗೆ ಹಿಂಗೆ ಕನವರಿಸ್ತಾರೆ ಈ ಯಮ್ಮ?" ಎಂದು ಅತ್ತೆ ಕೇಳಿದಾಗ ನನಗೂ ಗೊತ್ತಿರಲಿಲ್ಲ.

ಈ ಹಳೇ ಊರಿನ ಈಗಿನ ಅಧಿಕಾರಿ ನೆಜೀಬ್, ನಲವತ್ತರ ಆಸುಪಾಸಿನ ಮಿತಭಾಷಿ. ಬೇಸಿಗೆಯಲ್ಲಿ ಅಳತೆ ಮಾಡಿಸಿದರು, ತಜ್ಞರನ್ನು ಕರೆಸಿದರು. ಬಂಡೆಗೆ ಕಲ್ಲು ಕಟ್ಟಿಸಿದರೂ ಮನೆಯನ್ನು ತೆರೆದಿಟ್ಟರೆ ಉಳಿಯುವುದಿಲ್ಲ, ಉಳಿದದ್ದನ್ನು ಗೋಡೆಯ ತಲೆಯವರೆಗೂ ಮಣ್ಣಿನಲ್ಲಿ ಮುಚ್ಚಬೇಕು ಎಂದು ತೀರ್ಮಾನವಾಯಿತು. ಈ ಸಲ ಹೊದೆಸಿದರೆ ವಸಂತದಲ್ಲಿ ತೆಗೆಯುವುದಿಲ್ಲ.

ಮನ್ನೂಬಿಯಾ ಜಗಳವಾಡಿದರು. ತಿಂಗಳುಗಟ್ಟಲೆ ನೆಜೀಬರ ಜೊತೆ ಮಾತು ಬಿಟ್ಟರು. ಅವರ ಚಹಾ ಲೋಟ ತೊಳೆಯುವುದನ್ನೂ ಬಿಟ್ಟರು ಎಂದು ಹಸ್ನಾ ಸೇರಿಸುತ್ತಾಳೆ.

"ಆಮೇಲೆ ಏನಾಯ್ತು?" ಎಂದೆ.

ಮನ್ನೂಬಿಯಾ ಪೊರಕೆಯನ್ನು ಮಡಿಲಲ್ಲಿಟ್ಟುಕೊಂಡು ಸಮುದ್ರ ನೋಡಿದರು. "ನಮ್ಮಪ್ಪ ಗಿಡುಗ ಹಿಡೀತಿದ್ದ. ವಸಂತದಲ್ಲಿ ಹಿಡಿದು, ಕೈ ಮೇಲೇ ಪಳಗಿಸಿ, ಲಾವಕ್ಕಿ ಬೇಟೆ ಮುಗಿದ್ ಮೇಲೆ ಬಿಟ್ಬಿಡೋನು. ನಾನು ಸಣ್ಣೋಳು. 'ಇಟ್ಕೊಳಪ್ಪ, ನನ್ನ ಗುರ್ತು ಹಿಡಿಯುತ್ತೆ ಅದು' ಅಂತ ಅಳ್ತಿದ್ದೆ. 'ಇಟ್ಕೊಂಡ್ರೆ ಸಾಯುತ್ತೆ ಕಣೇ ಹುಚ್ಚಿ' ಅನ್ನೋನು. ಅಷ್ಟೇ. ಈ ಮನೇನೂ ಅಷ್ಟೇ. ನನ್ ಕಣ್ಮುಂದೇನೇ ಇರ್ಲಿ ಅಂದ್ರೆ ಸಮುದ್ರದ ಪಾಲಾಗುತ್ತೆ."

ಅವರ ಅಪ್ಪ ಸತ್ತದ್ದೂ ಗಿಡುಗದ ಕಾಲದಲ್ಲೇ. ಗಂಡಸರು ಚಟ್ಟ ಎತ್ತಿಕೊಂಡು ಹೋದರು. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಮನೆಯಲ್ಲಿ ಕೂತು ಅಳುತ್ತೇವೆ. ಮಾರನೆಯ ದಿನ ಗೋರಿಯ ಹತ್ತಿರ ಹೋಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಅಪ್ಪನನ್ನು ಆ ಕಡೆ ಒಯ್ದ ಮೇಲೆ ಮನ್ನೂಬಿಯಾ ಹಿತ್ತಿಲಿಗೆ ಹೋಗಿ ಗಿಡುಗದ ಕಾಲಿನ ದಾರ ಬಿಚ್ಚಿದರು. ಗಂಡ ಹೋದಾಗ ಬಿಚ್ಚಲು ಅದೂ ಇರಲಿಲ್ಲ.

"ಅಪ್ಪಂಗೂ ಒಂದ್ ಹಿಡಿ ಮಣ್ಣು ಹಾಕ್ಲಿಲ್ಲ, ಗಂಡಂಗೂ ಹಾಕ್ಲಿಲ್ಲ. ಈ ಮನೇಗಾದ್ರೂ ನಾನ್ ಹಾಕ್ತೀನಿ. ಯಾರೋ ಕಂಟ್ರಾಕ್ಟಿನವ್ರು ಬಂದು ಬುಟ್ಟಿಗಟ್ಲೆ ಸುರಿದು ಹೋಗೋಕೆ ಇದೇನ್ ತಿಪ್ಪೆಗುಂಡೀನಾ?"

ನನ್ನ ತಾಯಿಯನ್ನು ಹೊತ್ತುಕೊಂಡು ಹೋದ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ನೆಂಟರಿಗೆ ಕೂಸ್‌ಕೂಸ್ ಬಡಿಸುತ್ತಿದ್ದೆ. ಅದು ನೆನಪಾಯಿತು. ಪೆನ್ನು ಮುಚ್ಚಿಟ್ಟೆ.

ನೆಜೀಬರನ್ನು ಅವರ ಕೋಣೆಯಲ್ಲೇ ಕಂಡು ಕೇಳಿದೆ. ಅವರಿಗೆ ಅವರದೇ ಚಿಂತೆ. "ಬಂಡೆಯಂಚು ಸಡಿಲ ಆಗಿದೆ. ಅವರ ಮೊಣಕಾಲು ನೋಡಿದೀರಲ್ಲ, ಮರಳಿನ ಬುಟ್ಟಿ ಹೊತ್ತು ಜಾರಿಬಿಟ್ರೆ ಯಾರು ಹೊಣೆ? ಕೆಲಸ ಗುತ್ತಿಗೆಗೆ ಕೊಟ್ಟಾಗಿದೆ" ಎಂದರು. ಮತ್ತೆ, "ಇನ್ನೊಂದು ವಿಷಯ ಇದೆ. ಆ ಸುಣ್ಣ. ಮುಚ್ಚೋ ಮುಂಚೆ ಕೆರೆದು ತೆಗೀಬೇಕು. ಹೊಸ ರಾಸಾಯನಿಕ ಬಂದಿದೆ, ಗೋಡೆಗೆ ಏನೂ ಆಗಲ್ಲ. ಮುಂದೆ ಅಗೆಯೋರು ಅದೂ ಆ ಕಾಲದ್ದೇ ಅನ್ಕೋತಾರೆ, ಅವರಿಗೆ ನಾವು ಸುಳ್ಳು ಬಿಟ್ಟುಹೋಗಬಾರದು" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಮುಚ್ಚುವ ದಿನ ನಾನು ಹೋದಾಗ ಬಿಸಿಲು ಆಗತಾನೇ ಗೋಡೆಗೆ ಬಿದ್ದಿದೆ. ಬೀದಿಯಲ್ಲಿ ಮರಳಿನ ರಾಶಿ, ಆಚೆ ಮಣ್ಣಿನ ರಾಶಿ, ಗುತ್ತಿಗೆಯ ಗಂಡಸರು ಸಿಗರೇಟು ಸೇದುತ್ತ ನಿಂತಿದ್ದಾರೆ. ಮನೆಯ ಒಳಗೆಲ್ಲ ಬಿಳಿಯ ಬಟ್ಟೆ ಹಾಸಿದ್ದಾರೆ. ಮುಂದೊಂದು ಕಾಲಕ್ಕೆ ಅಗೆಯುವವರಿಗೆ ಇಲ್ಲಿಂದ ಕೆಳಗೆ ಹಳೆಯದು ಎಂದು ತಿಳಿಯಲಿ ಎಂದು ಹಾಸುವ ಬಟ್ಟೆ ಅದು. ತೊಟ್ಟಿಯನ್ನೂ ಅದರ ಹಿಂದಿನ ಮೂಲೆಯನ್ನೂ ಮಾತ್ರ ಇನ್ನೂ ಮುಚ್ಚಿಲ್ಲ. ಮನ್ನೂಬಿಯಾ ಹಬ್ಬಕ್ಕೆ ಮೈತುಂಬ ಹೊದೆಯುವ ಬಿಳಿ ಸಫ್ಸಾರಿಯಲ್ಲಿ ಬಂದಿದ್ದಾರೆ. ಅದನ್ನು ಕಂಡು ಗಂಡಸರಲ್ಲೊಬ್ಬ, ಚಿಕ್ಕಮ್ಮನನ್ನು ಕರೆಯುವಂತೆ, "ಏನ್ ಖಾಲ್ತಿ, ಯಾರ್ ಮದುವೆ?" ಎಂದ.

"ನಿಮ್ಮಪ್ಪಂದು. ಸಿಗರೇಟ್ ಆರ್ಸೋ ಮೊದ್ಲು, ಒಬ್ರ ಮನೆ ಮುಂದೆ ನಿಂತಿದೀಯ" ಎಂದರು ಮನ್ನೂಬಿಯಾ. ಅವನು ಆರಿಸಿದ.

ನೆಜೀಬ್ ಬಂದರು. ಎಲ್ಲರೂ ಅವರ ಮುಖ ನೋಡಿದರು. ಅವರು ಬಂಡೆಯಂಚಿಗೆ ಎಳೆದಿದ್ದ ಹಗ್ಗವನ್ನು ಎಳೆದು ನೋಡಿ, ಅಂಚಿನ ಕಡೆ ಇಬ್ಬರು ಗಂಡಸರನ್ನು ನಿಲ್ಲಿಸಿದರು. "ಮೊದಲ ಮರಳು ಮನೆಯವರದು. ಬುಟ್ಟಿ ತುಂಬಿ ಒಳಗೆ ದಾಟಿಸಿ, ಅವರು ಹಾಕಲಿ. ಆಮೇಲೆ ನೀವು" ಎಂದರು ಗಂಡಸರಿಗೆ. ಮನೆಯವರು ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಗುಂಪಿನಲ್ಲಿದ್ದ ಒಬ್ಬ ಮುದುಕ "ಹೆಂಗಸರು ಮಣ್ಣು ಹಾಕೋದು..." ಎಂದು ಶುರುಮಾಡಿ, ಮಾತು ನುಂಗಿಕೊಂಡು, ಮೊದಲ ಬುಟ್ಟಿಯನ್ನು ತಾನೇ ತುಂಬಿದ.

ಮನ್ನೂಬಿಯಾ ಚಪ್ಪಲಿ ಬಿಟ್ಟು ಒಳಗೆ ಹೋದರು. ಎಂದಿನಂತೆ ಹೇಳುವುದನ್ನು ಹೇಳಿದರು, ಇವತ್ತು ದನಿ ಕೇಳಲಿಲ್ಲ, ತುಟಿ ಮಾತ್ರ ಆಡಿತು. ಬಟ್ಟೆಯ ಮೇಲೆ ಮರಳನ್ನು ಸುರಿಯದೆ ಬೊಗಸೆಯಲ್ಲಿ ತೆಗೆದು ಹರಡಿದರು. ಅಂಗಳ, ಒಲೆಯ ಜಾಗ, ಉಳಿದ ಅರ್ಧ ಕೋಣೆ. ಹಸ್ನಾ ಹಿಂದೆಯೇ ಬಂದು ಅಂಗೈಯಿಂದ ಸಮ ಮಾಡುತ್ತ ಹೋದಳು. ಒಂದು ಬುಟ್ಟಿ ನನ್ನ ಮುಂದೆ ಬಂತು. ನಾನೂ ಚಪ್ಪಲಿ ಬಿಟ್ಟೆ.

ತೊಟ್ಟಿಗೆ ಬಟ್ಟೆ ಹಾಸಿ ಅದನ್ನೂ ತುಂಬಿದ ಮೇಲೆ ಉಳಿದದ್ದು ಹಿಂದಿನ ಮೂಲೆ, ಆ ಅಂಗೈಯಗಲ ಸುಣ್ಣ. ನೆಜೀಬ್ ಸೀಸೆ ಮತ್ತು ಸಣ್ಣ ಉಳಿಯೊಂದನ್ನು ಹಿಡಿದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಮನ್ನೂಬಿಯಾ ಸರಿದು ಜಾಗ ಕೊಟ್ಟರು.

"ಕೆರಿಯಪ್ಪ. ನಾನ್ ಮಾಡಿದ್ ತಪ್ಪು, ನೀನ್ ತೆಗಿ. ಬೇಜಾರಿಲ್ಲ."

ನೆಜೀಬ್ ಬಹಳ ಹೊತ್ತು ಆ ಬಿಳುಪನ್ನೇ ನೋಡಿದರು. ಹತ್ತಿರದಿಂದ ನೋಡಿದರೆ ಅದರಲ್ಲಿ ಬೆರಳುಗಳ ಗುರುತಿತ್ತು. ಕುಂಚ ಮೂಲೆಗೆ ಹೋಗದೆ ಕೈಯಿಂದಲೇ ಬಳಿದದ್ದು. ಅವರು ಕ್ಯಾಮೆರಾ ತೆಗೆದು ಒಂದು ಫೋಟೋ ಹೊಡೆದುಕೊಂಡರು. ಸೀಸೆಯನ್ನು ಜೇಬಿಗೆ ಹಾಕಿಕೊಂಡು ಎದ್ದು, "ಬಟ್ಟೆ ಹಾಸಿ ಖಾಲ್ತಿ" ಎಂದರು.

ಸಂಜೆ ಹೊತ್ತಿಗೆ ಗೋಡೆಯ ತಲೆಯೂ ಮಣ್ಣಿನಲ್ಲಿ ಮರೆಯಾಗಿದೆ. ಅಲ್ಲೊಂದು ಮನೆಯಿತ್ತು ಎನ್ನಲು ಚೌಕದ ಹಸಿಮಣ್ಣು ಬಿಟ್ಟರೆ ಗುರುತಿಲ್ಲ. ಗಂಡಸರು ಹೊರಟುಹೋದರು. ಮನ್ನೂಬಿಯಾ ಹೊಸ್ತಿಲು ಇದ್ದ ಕಡೆ ಕೂತು ಕಾಲಿಗೆ ಹತ್ತಿದ ಮರಳನ್ನು ಸಫ್ಸಾರಿಯ ಅಂಚಿನಿಂದ ಒರೆಸಿಕೊಳ್ಳುತ್ತಿದ್ದಾರೆ. ನಾಳೆಯಿಂದ ಉಳಿದ ಮನೆಗಳ ನೆಲಕ್ಕೆ ಚಳಿಗಾಲದ ಮರಳು ಹೊದೆಸಬೇಕು, ಕೆಲಸ ಬೇಕಾದಷ್ಟಿದೆ.

"ಪಾಪ, ಅವ್ಳಿಗೆ ಬಾಗ್ಲು ಹಾಕೋಕೂ ಬಿಟ್ಟಿರ್ಲಿಲ್ಲ ಯುದ್ಧದವ್ರು. ಹಾಗೇ ಓಡ್ದೋಳು. ಅದೊಂದು ಕೆಲ್ಸ ಬಾಕಿ ಇತ್ತು, ಇವತ್ ಮುಗೀತು" ಎಂದರು.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಇಂಥ ಲೇಖನ ಬರೆಯುವವರು ಕೊನೆಗೆ ಕೇಳುವ ಪ್ರಶ್ನೆ ಅದು. ಮನ್ನೂಬಿಯಾ ಯೋಚಿಸಿದರು. ಮುಖದ ಮೇಲೆ ಅವತ್ತು ಮೊದಲ ಬಾರಿಗೆ ಸಣ್ಣ ನಗು ಬಂತು.

"ಯಾವತ್ತಾದ್ರೂ, ನಾನೂ ಇಲ್ದಿದ್ ಕಾಲಕ್ಕೆ, ನಿನ್ ಮೊಮ್ಮಕ್ಳ ಮೊಮ್ಮಕ್ಳೂ ಇಲ್ದಿದ್ ಕಾಲಕ್ಕೆ, ಯಾರೋ ಬಂದು ಇದನ್ನ ಅಗೀತಾರೆ. ನೆಜೀಬನ ಫೋಟೋ ಗೀಟೋ ಅಷ್ಟೊತ್ತಿಗೆ ಎಲ್ಲಿರುತ್ತೆ? ಮೂಲೇಲಿ ಸುಣ್ಣ ನೋಡ್ತಾರೆ. ಬೆರಳ ಗುರ್ತು ನೋಡ್ತಾರೆ. 'ಓ, ಈ ಮನೇಲೊಬ್ಳು ಹೆಂಗಸು ಇದ್ಲು, ಹಬ್ಬಕ್ಕೆ ಸುಣ್ಣ ಬಳೀತಿದ್ಲು' ಅಂತಾರೆ."

ಪೊರಕೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಎದ್ದರು.

"ಅನ್ಲಿ ಬಿಡು. ಸುಳ್ಳೇನಲ್ಲ. ಇದ್ದೆನಲ್ಲ."